ಬುತ್ತಿ ಕಟ್ಟಿಕೊಂಡು ಬರುವ ಮರಿ

ಬೆಳಿಗ್ಗೆ ಆರೂವರೆಗೆ ಫೋನ್. "ಡಾಕ್ಟ್ರೇ, ಪಾರ್ಸೆಲ್ ಬಂತು. ಇಪ್ಪತ್ತರಲ್ಲಿ ಏಳು ಮರಿ ಅಲ್ಲಾಡ್ತಾನೇ ಇಲ್ಲ."

ವಿದ್ಯಾರಣ್ಯಪುರದ ನಿವೃತ್ತ ಬ್ಯಾಂಕ್ ಅಧಿಕಾರಿ ಅವರು. ಮನೆ ಹಿಂದೆ ಒಂದಿಷ್ಟು ಜಾಗ, ನಾಲ್ಕು ನಾಟಿ ಕೋಳಿ, ಕೈತುಂಬ ಸಮಯ. ಮೊಬೈಲಿನಲ್ಲಿ ಫೋಟೊ ನೋಡಿ, ಪೂರ್ತಿ ದುಡ್ಡು ಮೊದಲೇ ಕಳಿಸಿ, ಹೊರರಾಜ್ಯದಿಂದ ಕಡಕ್‌ನಾಥ್ ಅನ್ನುವ ಕಪ್ಪು ಕೋಳಿಯ ಮರಿ ತರಿಸಿದ್ದರು. ಏಳೂವರೆಗೆ ಕ್ಲಿನಿಕ್‌ಗೆ ಬಂದರು, ಬಿಸ್ಕೆಟ್ ಬರುವ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು. ಪೆಟ್ಟಿಗೆಗೆ ಪೆನ್ನಿನಲ್ಲಿ ಚುಚ್ಚಿದ ಆರೇಳು ತೂತು. ತಳವೆಲ್ಲ ಒದ್ದೆ. ನೀರಿನ ಬದಲಿಗೆ ಅಂತ ಹಾಕಿದ್ದ ಟೊಮೆಟೊ ಹಿಕ್ಕೆ ಜೊತೆ ಕಲಸಿ ಹೋಗಿತ್ತು. ಮರಿಗಳಿಗೆ ಒಂದು ತಿಂಗಳು. ಎರಡು ರಾತ್ರಿ, ಒಂದು ಹಗಲು ದಾರಿಯಲ್ಲಿ ಕಳೆದಿದ್ದವು.

"ಒಂದು ದಿನದ ಮರಿ ಕಳಿಸ್ತೀನಿ ಅಂದಿದ್ರು. ನಾನೇ ಬೇಡ ಅಂದೆ. ಪಾಪ, ಅಷ್ಟು ಚಿಕ್ಕದು ಪ್ರಯಾಣ ತಡೆಯಲ್ಲ, ತಿಂಗಳಾದ್ದೇ ಕೊಡಿ ಅಂದೆ."

ನನ್ನ ಹತ್ತಿರ ಬರುವ ಜಾಸ್ತಿ ಜನ ಹೀಗೇ ಯೋಚಿಸುತ್ತಾರೆ. ಕೇಳುವುದಕ್ಕೂ ಸರಿ ಅನಿಸುತ್ತದೆ. ಆದರೆ ಕೋಳಿ ವಿಷಯದಲ್ಲಿ ಲೆಕ್ಕ ತಿರುಗುಮುರುಗು.

ಮೊಟ್ಟೆ ಒಡೆದು ಬರುವುದು 21ನೇ ದಿನ. ಅದಕ್ಕೆ ಒಂದೆರಡು ದಿನ ಮುಂಚೆ, ಉಳಿದ ಹಳದಿ ಭಂಡಾರವನ್ನು ಮರಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಒಂದು ದಿನದ ಸತ್ತ ಮರಿಯನ್ನು ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಗೋಲಿಯಷ್ಟು ಹಳದಿ ಚೀಲ ಇನ್ನೂ ಇರುತ್ತದೆ. ಅದೇ ಅದರ ಬುತ್ತಿ, ಅದೇ ಅದರ ನೀರು. ಆರೋಗ್ಯವಾಗಿದ್ದರೆ, ಬೆಚ್ಚಗಿದ್ದರೆ, ಸುಮಾರು 72 ಗಂಟೆ ಅದರಲ್ಲೇ ತಳ್ಳುತ್ತದೆ. ಇದೇನೂ ಪಾರ್ಸೆಲ್‌ಗಾಗಿ ಆದ ಏರ್ಪಾಡಲ್ಲ ಬಿಡಿ. ಕಾವಿಗೆ ಕೂತ ಹೇಂಟೆ ಕೆಳಗಿನ ಮೊಟ್ಟೆಗಳೆಲ್ಲ ಒಂದೇ ಹೊತ್ತಿಗೆ ಒಡೆಯುವುದಿಲ್ಲ. ಕೊನೆಯದು ಒಡೆಯುವವರೆಗೆ ತಾಯಿ ಏಳುವುದಿಲ್ಲ. ಅಲ್ಲಿಯವರೆಗೆ ಮೊದಲು ಹುಟ್ಟಿದವು ಕಾಯಬೇಕಲ್ಲ, ಅದಕ್ಕೆ ಈ ಬುತ್ತಿ.

ತಿಂಗಳ ಮರಿಗೆ ಬುತ್ತಿ ಮುಗಿದಿರುತ್ತದೆ. ದಿನವಿಡೀ ತಿನ್ನಬೇಕು, ಅದಕ್ಕಿಂತ ಜಾಸ್ತಿ ಕುಡಿಯಬೇಕು. ಜೊತೆಗೆ ಮೂರರಿಂದ ಆರು ವಾರದ ನಡುವೆಯೇ ರಕ್ತಭೇದಿ ಕಾಟ ಜೋರು. ಅಂಥ ವಯಸ್ಸಿನಲ್ಲಿ ಒದ್ದೆ ಪೆಟ್ಟಿಗೆಯಲ್ಲಿ ಕೂರಿಸಿ ಎರಡು ರಾತ್ರಿ ಕುಲುಕಿದರೆ ಇನ್ನೇನಾಗುತ್ತದೆ? ಆ ಏಳು ಮರಿಗಳಲ್ಲಿ ಮೂರನ್ನು ಕೊಯ್ದು ನೋಡಿದೆ. ಮೇವಿನ ಚೀಲ ಪೂರ್ತಿ ಖಾಲಿ. ಮಾಂಸ ಒಣಗಿ ಅಂಟಂಟು. ಒಂದರ ಕುರುಡು ಕರುಳಿನ ತುಂಬ ರಕ್ತ.

"ಅಮೆರಿಕದಲ್ಲಿ ಪೋಸ್ಟ್‌ನಲ್ಲೇ ಬರುತ್ತಲ್ಲ, ನಮಗೆ ಯಾಕಿಲ್ಲ?" ಅಂತ ವಿಡಿಯೊ ನೋಡಿದವರು ಕೇಳುತ್ತಾರೆ. ನಿಜ, ಅಲ್ಲಿನ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನು ಸಾಗಿಸುತ್ತಿದೆ. ಇಡೀ ವ್ಯವಸ್ಥೆ ನಿಂತಿರುವುದು ಆ ಹಳದಿ ಚೀಲದ ಮೇಲೆ. ಹುಟ್ಟಿದ 72 ಗಂಟೆಯೊಳಗೆ ಮನೆ ಸೇರಬೇಕು. ನಾಲ್ಕೈದು ಮರಿ ಕೊಡಿ ಅಂದರೆ ಬಹಳ ಹ್ಯಾಚರಿಗಳು ಕಳಿಸುತ್ತಿರಲಿಲ್ಲ. ಇಪ್ಪತ್ತೈದು ಒಟ್ಟಿಗಿದ್ದರೆ ಒಂದರ ಮೈಬಿಸಿ ಇನ್ನೊಂದಕ್ಕೆ. ಹಾಗಂತ ಅಲ್ಲೂ ಎಲ್ಲ ಸಲೀಸಾಗಿಲ್ಲ. 2020ರ ಆಗಸ್ಟ್‌ನಲ್ಲಿ ಅಂಚೆ ತಡವಾಗಿ, ಮೈನ್ ರಾಜ್ಯದ ರೈತರಿಗೆ ಹೊರಟಿದ್ದ ಸುಮಾರು 4,800 ಮರಿಗಳು ಪೆಟ್ಟಿಗೆಯಲ್ಲೇ ಸತ್ತವು.

ಅಲ್ಲಿಂದಲೇ ಮೊಟ್ಟೆಯನ್ನೋ ಮರಿಯನ್ನೋ ತರಿಸಿಕೊಳ್ಳೋಣ ಅನ್ನುವವರಿಗೂ ಒಂದು ಮಾತು. 1898ರ ಜಾನುವಾರು ಆಮದು ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಅನುಮತಿ, ಆರೋಗ್ಯ ಪ್ರಮಾಣಪತ್ರ, ಕ್ವಾರಂಟೈನ್ ಎಲ್ಲ ಬೇಕು. ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತರುವ ವಸ್ತು ಅಲ್ಲ ಅದು.

ನಮ್ಮಲ್ಲಿ ದಾರಿಗಳು ಮೂರು: ರೈಲಿನ ಪಾರ್ಸೆಲ್ ವ್ಯಾನ್, ರಾತ್ರಿ ಬಸ್ಸು, ವಿಮಾನದ ಕಾರ್ಗೋ. ವಿಮಾನ ಚೆನ್ನಾಗಿದೆ, ಆದರೆ ಇಪ್ಪತ್ತು ಮರಿಗೆ ಆ ಖರ್ಚು ಗಿಟ್ಟುವುದಿಲ್ಲ. ಉಳಿದೆರಡರಲ್ಲಿ ಗಾಡಿ ಓಡುವಾಗ ತೊಂದರೆ ಕಡಿಮೆ, ನಿಂತಾಗಲೇ ಜಾಸ್ತಿ. ಬೆಂಗಳೂರಿನ ಹವೆ ತಂಪು ಅಂತ ನಾವು ನೆಮ್ಮದಿಯಾಗಿರುತ್ತೇವೆ. ಏಪ್ರಿಲ್ ಮಧ್ಯಾಹ್ನ ಗುಂತಕಲ್ ಪ್ಲಾಟ್‌ಫಾರ್ಮ್‌ನಲ್ಲಿ ಪೆಟ್ಟಿಗೆ ಒಂದು ಗಂಟೆ ಬಿಸಿಲಿಗೆ ಬಿದ್ದರೆ ನಮ್ಮ ತಂಪು ಅದನ್ನು ಉಳಿಸುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ದೂರದಿಂದ ತರಿಸಬೇಡಿ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಇದಕ್ಕೆ ಕಾನೂನೂ ಇದೆ. 1978ರ ಪ್ರಾಣಿ ಸಾಗಣೆ ನಿಯಮಗಳಿಗೆ 2001ರಲ್ಲಿ ಕೋಳಿ ಸಾಗಣೆ ವಿಷಯವೂ ಸೇರಿತು. ಮರಿ ಹುಟ್ಟಿದ ಕೂಡಲೇ ಕಳಿಸಬೇಕು, ಬಿಸಿಲು ಮಳೆಗೆ ಒಡ್ಡಬಾರದು, ಪೆಟ್ಟಿಗೆ ಓರೆ ಮಾಡಬಾರದು. ಒಳ್ಳೆ ಹ್ಯಾಚರಿಯವರ ಪೆಟ್ಟಿಗೆ ನೋಡಿದರೇ ಗೊತ್ತಾಗುತ್ತದೆ. ಅಲೆ ಅಲೆ ರಟ್ಟು, ಸುತ್ತ ಹೆಬ್ಬೆರಳಗಲದ ತೂತು, ಒಳಗೆ ನಾಲ್ಕು ಖಾನೆ, ಖಾನೆಗೆ ಇಪ್ಪತ್ತೈದು ಮರಿ. ಖಾನೆ ಯಾಕೆಂದರೆ, ಪೆಟ್ಟಿಗೆ ವಾಲಿದಾಗ ನೂರೂ ಒಂದೇ ಮೂಲೆಗೆ ಬಿದ್ದು ಉಸಿರುಗಟ್ಟಬಾರದು.

ಆರ್ಡರ್ ಮಾಡುವ ಮುಂಚೆ ಮಾರುವವರನ್ನು ಏನು ಕೇಳಬೇಕು? ಎಲ್ಲರೂ ರೇಟು ಕೇಳುತ್ತಾರೆ. ಹುಟ್ಟಿದ ದಿನ ಮತ್ತು ಹೊತ್ತು ಕೇಳಿ. "ಮೊನ್ನೆ ಮೊನ್ನೆ ಸಾರ್" ಅಂದರೆ ಅಲ್ಲಿಗೇ ಬಿಡಿ. ಮೊನ್ನೆ ಹುಟ್ಟಿದ್ದು ಇವತ್ತು ಗಾಡಿ ಹತ್ತಿದರೆ ಬುತ್ತಿ ಅರ್ಧ ದಾರಿಗೇ ಖಾಲಿ. ಆಮೇಲೆ, ಕಾಲಿನ ಸ್ವಾಧೀನ ತಪ್ಪಿಸುವ ಮಾರೆಕ್ಸ್ ರೋಗದ ಲಸಿಕೆ ಹಾಕಿದ್ದಾರಾ ಕೇಳಿ. ಇದನ್ನು ಹ್ಯಾಚರಿಯಲ್ಲೇ, ಮೊದಲ ದಿನವೇ, ಕತ್ತಿನ ಚರ್ಮದಡಿ ಚುಚ್ಚಬೇಕು. ಬಾಟಲಿಯಲ್ಲಿ ಸಾಮಾನ್ಯವಾಗಿ ಸಾವಿರ ಡೋಸ್ ಇರುತ್ತದೆ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಮೂವತ್ತು ಮರಿ ಮಾಡುವ ಹವ್ಯಾಸಿಗೆ ಅದು ಹೊರೆ, ಹಾಗಾಗಿ ಹಾಕುವುದೇ ಇಲ್ಲ. ಮೂರು ತಿಂಗಳಾದ ಮೇಲೆ ಚೆಂದದ ಸಿಲ್ಕಿ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುತ್ತದೆ. ಆಗ ನನ್ನ ಹತ್ತಿರ ಕೊಡುವುದಕ್ಕೆ ಔಷಧಿ ಇಲ್ಲ.

ತಳಿಯ ಮೋಸ ಇನ್ನೊಂದು ಕತೆ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ತಳಿ, 2018ರಲ್ಲಿ ಅದರ ಮಾಂಸಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು. ಆಮೇಲೆ ಕಪ್ಪು ಪುಕ್ಕ ಇರುವುದೆಲ್ಲ ಕಡಕ್‌ನಾಥ್ ಆಯಿತು. ವಿಡಿಯೊ ಕಾಲ್ ಮಾಡಿ ಕೊಕ್ಕು ಬಿಡಿಸಿ ತೋರಿಸಲು ಹೇಳಿ. ಬಾಯಿಯೊಳಗೆ, ನಾಲಿಗೆಯಲ್ಲಿ, ಪುಕ್ಕ ಸರಿಸಿದರೆ ಚರ್ಮದಲ್ಲಿ ಕಪ್ಪು ಛಾಯೆ ಇರಬೇಕು. ಬಾಯಿ ಗುಲಾಬಿ, ಚರ್ಮ ಬಿಳಿ ಅಂದರೆ ಅದು ಕಪ್ಪು ಅಂಗಿ ತೊಟ್ಟ ನಾಟಿ ಕೋಳಿ. ಅಂದ ಹಾಗೆ, ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುವುದಿಲ್ಲ. ತಿಳಿ ಕಂದು. ಕಪ್ಪು ಮೊಟ್ಟೆ ಫೋಟೊ ಹಾಕಿದವರು ಇನ್ನೇನೇನು ಬಣ್ಣ ಬಳಿದಿರಬಹುದು, ನೀವೇ ಯೋಚಿಸಿ.

ಪೆಟ್ಟಿಗೆ ಮನೆಗೆ ಬಂತು ಅಂದುಕೊಳ್ಳಿ. ಮೊದಲ ಒಂದು ಗಂಟೆಯಲ್ಲೇ ಅರ್ಧ ಹಣೆಬರಹ ತೀರ್ಮಾನ. ಮರಿ ಬರುವ ಮೊದಲೇ ಭತ್ತದ ಹೊಟ್ಟು ಹರಡಿ, ಮೇಲೆ ಬಲ್ಬ್ ಇಳಿಬಿಟ್ಟು, ಜಾಗ ಬಿಸಿ ಮಾಡಿಟ್ಟಿರಬೇಕು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲವಾ? ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗಟ್ಟಿ ಕಿಚಪಿಚ ಅಂದರೆ ಚಳಿ. ದೂರ ಹೋಗಿ ಬಾಯಿ ತೆರೆದರೆ ಸೆಕೆ. ಅಲ್ಲಲ್ಲಿ ಹರಡಿ ಮಲಗಿದ್ದರೆ ಸರಿ ಇದೆ. ಡಿಸೆಂಬರ್ ರಾತ್ರಿ ಕರೆಂಟ್ ಹೋಗುತ್ತದೆ ಅನ್ನುವುದು ನೆನಪಿರಲಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿಟ್ಟರೆ ಎರಡು ಗಂಟೆ ತಳ್ಳಬಹುದು.

ಆಮೇಲೆ ಒಂದೊಂದೇ ಮರಿ ಕೈಗೆ ತೆಗೆದುಕೊಳ್ಳಿ. ಕೊಕ್ಕಿನ ತುದಿಯನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ ಬಿಡಿ. ತಲೆ ಎತ್ತಿ ನುಂಗುತ್ತದೆ. ಎರಡು ಸಲ ಸಾಕು, ಆಮೇಲೆ ತಾನೇ ಕುಡಿಯುತ್ತದೆ, ಅದನ್ನು ನೋಡಿ ಬೇರೆಯವೂ ಕಲಿಯುತ್ತವೆ. ದೂರದಿಂದ ಬಂದ ಮರಿಗಾದರೆ ಮೊದಲ ಅರ್ಧ ದಿನ ಲೀಟರ್ ನೀರಿಗೆ ಎಂಬತ್ತು ಗ್ರಾಂ ಬೆಲ್ಲವೋ ಸಕ್ಕರೆಯೋ ಕರಗಿಸಿ ಕೊಡಿ. ನೀರು ಕುಡಿದ ಮೇಲೆ ಜೋಳದ ನುಚ್ಚು. ಅದನ್ನು ನುಣ್ಣನೆ ನ್ಯೂಸ್‌ಪೇಪರ್ ಮೇಲೆ ಚೆಲ್ಲಬೇಡಿ, ಕಾಲು ಜಾರಿ ಎರಡೂ ಪಕ್ಕಕ್ಕೆ ಸೀಳಿಕೊಂಡಂತೆ ಆಗುತ್ತದೆ. ಹಳೆ ಗೋಣಿಚೀಲ ಒಳ್ಳೆಯದು.

ಕೈಯಲ್ಲಿದ್ದಾಗಲೇ ಹಿಂಬದಿ ನೋಡಿ. ಹಿಕ್ಕೆ ಒಣಗಿ ಗುದ ಮುಚ್ಚಿದ್ದರೆ ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ, ನಿಧಾನ ಒರೆಸಿ. ಕೀಳಬೇಡಿ, ಚರ್ಮವೇ ಬಂದುಬಿಡುತ್ತದೆ. ಅದರ ಸ್ವಲ್ಪ ಮುಂದೆ ಕಪ್ಪಗೆ ಒಣಗಿದ ಇನ್ನೊಂದು ಚುಕ್ಕೆ ಇರುತ್ತದೆ. ಅದು ಹೊಕ್ಕುಳು. ಕೊಳೆ ಅಂದುಕೊಂಡು ಅದನ್ನು ಉಜ್ಜಿ ಕಿತ್ತು, ಮರಿ ಕಳೆದುಕೊಂಡವರನ್ನು ನೋಡಿದ್ದೇನೆ. ಇನ್ನು ಬಂದ ತಕ್ಷಣ ನೀರಿಗೆ ಆಂಟಿಬಯೋಟಿಕ್ ಪುಡಿ ಸುರಿಯುವ ಅಭ್ಯಾಸ ಒಂದಿದೆ. ಅಂಗಡಿಯವರು ಕೊಟ್ಟರು ಅಂತಾರೆ. ಬಾಯಾರಿದ ಮರಿಗೆ ಬೇಕಾಗಿರುವುದು ನೀರು ಸ್ವಾಮಿ!

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಕಣ್ಣಿಗೊಂದು ಹನಿ. ಎರಡನೇ ವಾರ ಗಂಬೋರೊ ಅನ್ನುವ ಇನ್ನೊಂದು ರೋಗದ ಲಸಿಕೆ. ಲಸಿಕೆಯನ್ನು ಐಸ್ ಜೊತೆ ತನ್ನಿ, ಜೇಬಿನಲ್ಲಿ ತರಬೇಡಿ.

ಹೊಸಬರನ್ನು ಮನೆಯ ಹಳೆ ಕೋಳಿಗಳ ಜೊತೆ ಯಾವಾಗ ಬಿಡಬೇಕು? ಮೂವತ್ತು ದಿನ ಆದ ಮೇಲೆ. ಮೂವತ್ತು ಅಂದ ಕೂಡಲೇ ಎಲ್ಲರ ಮುಖ ಬಾಡುತ್ತದೆ. ಹೊಸ ಕೋಳಿ ನೋಡುವುದಕ್ಕೆ ಗುಂಡುಗುಂಡಾಗಿದ್ದರೂ ಮೂಗಿನಲ್ಲಿ, ಕರುಳಿನಲ್ಲಿ ಏನು ಹೊತ್ತು ತಂದಿದೆಯೋ ಗೊತ್ತಿಲ್ಲ. ರಾತ್ರಿ ಲೈಟ್ ಆರಿಸಿ ಗೂಡಿನ ಹತ್ತಿರ ಕಿವಿ ಕೊಡಿ. ಗೊರಗೊರ ಅಂತ ಉಸಿರಾಡುವುದು ಹಗಲಿನ ಗದ್ದಲದಲ್ಲಿ ಕೇಳುವುದಿಲ್ಲ. ಹಳೆ ಕೋಳಿಗೆ ಮೊದಲು ಮೇವು, ಹೊಸದಕ್ಕೆ ಆಮೇಲೆ, ಎರಡಕ್ಕೂ ಬೇರೆ ಬೇರೆ ಚಪ್ಪಲಿ. ಚಪ್ಪಲಿ ಮಾತಿಗೆ ನಗುತ್ತಾರೆ. ರೋಗ ಹೊತ್ತು ತಿರುಗುವುದರಲ್ಲಿ ಹಿಕ್ಕೆ ಮೆತ್ತಿದ ಚಪ್ಪಲಿಗೆ ಸಮ ಯಾವುದೂ ಇಲ್ಲ.

2012ರ ಅಕ್ಟೋಬರ್‌ನಲ್ಲಿ ಹಕ್ಕಿಜ್ವರ ಬಂದಿದ್ದು ನಮ್ಮ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಗೇ. ಬೇಲಿ, ಸಿಬ್ಬಂದಿ, ಪಶುವೈದ್ಯರು ಎಲ್ಲ ಇರುವ ಜಾಗ ಅದು. ನಮ್ಮ ಹಿತ್ತಲು ಯಾವ ಲೆಕ್ಕ? ಒಂದೆರಡು ದಿನದಲ್ಲಿ ಸಾಲಾಗಿ ಕೋಳಿ ಸತ್ತರೆ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಕ್ಲಿನಿಕ್ ಕ್ಲಿನಿಕ್ ಅಲೆಯಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ, ಅವರೇ ಬಂದು ಮಾದರಿ ತೆಗೆಯುತ್ತಾರೆ.

ಮರಿ ಬೇಡ, ಕೂರಿಸುವ ಮೊಟ್ಟೆ ತರಿಸುತ್ತೇನೆ ಅನ್ನುವವರೂ ಇದ್ದಾರೆ. ನನಗೂ ಅದೇ ಇಷ್ಟ. ಯಾವ ಜೀವವೂ ದಾರಿಯಲ್ಲಿ ನರಳುವುದಿಲ್ಲ. ವಾರದೊಳಗಿನ ಮೊಟ್ಟೆ ಆಗಿರಬೇಕು. ಬಂದ ಮೇಲೆ ತೊಳೆಯದೆ, ಚೂಪು ತುದಿ ಕೆಳಗೆ ಮಾಡಿ, ಒಂದು ದಿನ ಹಾಗೇ ಬಿಡಬೇಕು. ಕುಲುಕಾಟಕ್ಕೆ ಒಳಗಿನ ಗಾಳಿಗುಳ್ಳೆ ಸಡಿಲವಾಗಿರುತ್ತದೆ, ಅದು ನಿಲ್ಲಬೇಕು. ಎಷ್ಟು ಜೋಪಾನ ಮಾಡಿದರೂ ಅರ್ಧ ಒಡೆದರೆ ಪುಣ್ಯ ಅಂದುಕೊಳ್ಳಿ. ಒಡೆದದ್ದರಲ್ಲಿ ಅರ್ಧ ಹುಂಜ. ಪಕ್ಕದ ಮನೆಯವರ ಬೆಳಗಿನ ನಿದ್ದೆ ವಿಚಾರ ಆಮೇಲೆ ಬರುತ್ತದೆ.

ಬ್ಯಾಂಕ್ ಸಾಹೇಬರ ಹದಿಮೂರು ಮರಿಗಳಲ್ಲಿ ಕೊನೆಗೆ ಉಳಿದದ್ದು ಎಂಟು. ಅವುಗಳಿಗೆ ಔಷಧಿ ಹಾಕಿಸಲು ಬಂದ ದಿನ ಅವರ ತಾಯಿಯೂ ಜೊತೆಗಿದ್ದರು. ಕೋಲಾರದ ಕಡೆಯವರು, ಎಂಬತ್ತು ದಾಟಿದೆ. "ಅಪರೂಪದ ಕೋಳಿ ಬೇಕು ಅಂತ ಅಷ್ಟು ದೂರ ಯಾಕಪ್ಪ ಹೋದೆ? ನಮ್ಮೂರಲ್ಲಿ ಇರ್ಲಿಲ್ವಾ?" ಅಂತ ಮಗನಿಗೆ ನನ್ನೆದುರೇ ಕೇಳಿದರು. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ, ಆದರೆ ಹೇಳಿದ ಗುರುತೆಲ್ಲ ಘಾಗಸ್ ತಳಿಯದ್ದು. ಆಂಧ್ರ ಮತ್ತು ನಮ್ಮ ಕೋಲಾರ ಕಡೆಯ ಕಂದು ಬಣ್ಣದ ಗಟ್ಟಿ ಕೋಳಿ, ದೇಶದ ಅಧಿಕೃತ ತಳಿ ಪಟ್ಟಿಯಲ್ಲೂ ಇದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಅದನ್ನು ಉಳಿಸಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ಕೋಳಿ ಸಾಕುವ ಎಷ್ಟೋ ಜನ ಆ ಹೆಸರೇ ಕೇಳಿಲ್ಲ.

ಮೂರು ವಾರ ಬಿಟ್ಟು ಅವರಿಂದ ಫೋಟೊ ಬಂತು. ಕೆಂಪು ಬಸ್ಸಿನ ಸೀಟು, ಅಜ್ಜಿ, ಅಜ್ಜಿಯ ಕಾಲ ಬಳಿ ಬಟ್ಟೆ ಕಟ್ಟಿದ ಮಂಕರಿ. ಬಟ್ಟೆಯ ಸಂದಿಯಿಂದ ಒಂದು ಹೇಂಟೆ ಕತ್ತು ಹೊರಗೆ ಹಾಕಿದೆ. ಕೆಳಗೆ ಬರೆದಿದ್ದರು: "ಡಾಕ್ಟ್ರೇ, ಕೋಳಿಗೂ ಟಿಕೆಟ್ ಕೊಟ್ರು. ಅಮ್ಮಂಗೆ ಫ್ರೀ."