ಹಡಗಿನ ಊಟದಲ್ಲಿ ಪಕ್ಕದ ಕುರ್ಚಿ ಯಾರದು?

ಕ್ರೂಸ್ ಹಡಗಿನ ದೊಡ್ಡ ಊಟದ ಹಾಲಿನ ಬಾಗಿಲಲ್ಲಿ ಇವತ್ತು ಒಂದು ಪ್ರಶ್ನೆ ಕೇಳುತ್ತಾರೆ: "ಬೇರೆಯವರ ಜೊತೆ ಕೂರ್ತೀರಾ, ಇಲ್ಲಾ ನಿಮಗೇ ಬೇರೆ ಟೇಬಲ್ ಬೇಕಾ?" ಮೂವತ್ತು ವರ್ಷದ ಹಿಂದೆ ಹೆಚ್ಚಿನ ಹಡಗುಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಡಗು ಹತ್ತಿದ ದಿನವೇ ನಿಮ್ಮ ಟೇಬಲ್ ನಂಬರ್ ಕೈಗೆ ಬರುತ್ತಿತ್ತು. ಎಂಟೋ ಹತ್ತೋ ಜನ ಕೂರುವ ಟೇಬಲ್, ಮುಖ ಪರಿಚಯವೂ ಇಲ್ಲದ ಜನ, ಪ್ರಯಾಣ ಮುಗಿಯುವ ತನಕ ಅದೇ ಜಾಗ. ಈ ಪದ್ಧತಿ ಹೇಗೆ ಬಂತು, ಯಾಕೆ ಹೋಯ್ತು ಅಂತ ಹುಡುಕಿದರೆ ಸ್ನೇಹಕ್ಕಿಂತ ಜಾಗದ್ದು, ಅಡುಗೆಮನೆಯದ್ದು, ದುಡ್ಡಿನದ್ದು ಲೆಕ್ಕವೇ ಜಾಸ್ತಿ ಸಿಗುತ್ತದೆ.

ಮೊದಲಿಗೆ ಬೇರೆ ದಾರಿಯೇ ಇರಲಿಲ್ಲ. 1842ರ ಜನವರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಲಿವರ್‌ಪೂಲ್‌ನಿಂದ ಅಮೆರಿಕಕ್ಕೆ ಹೋಗಿದ್ದು ಕ್ಯುನಾರ್ಡ್ ಕಂಪನಿಯ ಬ್ರಿಟಾನಿಯಾ ಎಂಬ ಹಬೆ ಹಡಗಿನಲ್ಲಿ. ಅದರ ಊಟದ ಕೋಣೆ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಎರಡೂ ಬದಿಗೆ ಕೊನೆಯವರೆಗೂ ಚಾಚಿದ ಮೇಜು. ಮೇಜಿನ ಮೇಲೆ, ತಲೆಗೆ ತಾಗುವಷ್ಟು ತಗ್ಗಿನ ಚಾವಣಿಗೆ ಬಿಗಿದ ಹಲಗೆಯಲ್ಲಿ ಗಾಜಿನ ಲೋಟಗಳನ್ನು ಸಿಕ್ಕಿಸಿಟ್ಟಿದ್ದರು. ಸಮುದ್ರ ಕೆರಳಿದರೆ ಬೀಳಬಾರದಲ್ವಾ! ಆ ಕಾಲದ ಹಡಗುಗಳಲ್ಲಿ ತಟ್ಟೆ ಜಾರದಿರಲಿ ಎಂದು ಮೇಜಿನ ಅಂಚಿಗೆ ಮರದ ಪಟ್ಟಿ ಕೂಡಿಸುತ್ತಿದ್ದರು, ಮೇಜಿನ ಬಟ್ಟೆಯನ್ನು ಒದ್ದೆ ಮಾಡುತ್ತಿದ್ದರು. ಇಂಥ ಕಡೆ ಪ್ರತ್ಯೇಕ ಟೇಬಲ್ ಕೇಳುವ ಮಾತೇ ಇಲ್ಲ.

ಆ ಸಾಲಿನಲ್ಲಿ ಕೂರಲಾಗದೆ ಒದ್ದಾಡಿದವರೂ ಇದ್ದರು. 1888ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಇಂಗ್ಲೆಂಡಿಗೆ ಹೊರಟ ಗಾಂಧಿಗೆ ಆಗ ಹದಿನೆಂಟು ವರ್ಷ. ಚಾಕು, ಫೋರ್ಕ್ ಹಿಡಿದು ಅಭ್ಯಾಸವಿಲ್ಲ. ಯಾವ ಅಡುಗೆಯಲ್ಲಿ ಮಾಂಸ ಇಲ್ಲ ಎಂದು ಕೇಳಲು ಸಂಕೋಚ. ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದುಕೊಂಡು ಕ್ಯಾಬಿನ್ನಿನಲ್ಲೇ ಕಾಲ ಕಳೆದೆ ಎಂದು ಮುಂದೆ ಅವರೇ ಬರೆದಿದ್ದಾರೆ. ಹಂಚಿಕೊಂಡ ಮೇಜು ಎಲ್ಲರಿಗೂ ಹಿತ ಅಂತ ಹೇಳುವ ಮೊದಲು ಇದನ್ನು ನೆನೆಯಬೇಕು. ಪಕ್ಕದವರ ಕಣ್ಣೆದುರು ಉಣ್ಣುವುದೇ ಕೆಲವರಿಗೆ ದೊಡ್ಡ ಕಷ್ಟ.

ಬೇಕಾದವರ ಜೊತೆ ಮಾತ್ರ ಉಣ್ಣುವ ಸೌಕರ್ಯ ಸಿಕ್ಕಿದ್ದು ಮೊದಲು ಶ್ರೀಮಂತರಿಗೆ. 1905ರಲ್ಲಿ ಜರ್ಮನಿಯ 'ಅಮೆರಿಕಾ' ಹಡಗಿನಲ್ಲಿ ರಿಟ್ಜ್-ಕಾರ್ಲ್‌ಟನ್ ಹೆಸರಿನ ರೆಸ್ಟೋರೆಂಟ್ ತೆರೆಯಿತು. ಬೇಕಾದ ಹೊತ್ತಿಗೆ ಹೋಗಿ, ಬೇಕಾದ್ದು ಹೇಳಿ, ಬೇರೆ ದುಡ್ಡು ಕೊಟ್ಟು ಉಣ್ಣಬಹುದಿತ್ತು. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಗೆ 554 ಜನರ ಊಟದ ಹಾಲ್ ಇದ್ದರೂ, ಅದರ ಜೊತೆಗೆ ಇಂಥದ್ದೇ ಒಂದು ರೆಸ್ಟೋರೆಂಟ್ ಇತ್ತು. ಮೂರನೇ ದರ್ಜೆಯವರು ಉದ್ದನೆಯ ಮೇಜುಗಳಲ್ಲಿ ಒಟ್ಟಿಗೇ ಉಂಡರು.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಹಡಗು ಕಂಪನಿಗಳು ಊರು ತಲುಪಿಸುವ ಕೆಲಸ ಬಿಟ್ಟು, ರಜೆ ಮಾರುವ ಕೆಲಸಕ್ಕೆ ಇಳಿದವು. ಮಯಾಮಿಯಿಂದ ಕೆರಿಬಿಯನ್ ಕಡೆಗೆ ಕ್ರೂಸ್‌ಗಳು ಹೆಚ್ಚಿದವು. ದರ್ಜೆಯ ಗೋಡೆ ಬಹುಪಾಲು ಬಿತ್ತು, ಆದರೆ ಹಂಚಿಕೊಳ್ಳುವ ಟೇಬಲ್ ಉಳಿಯಿತು. ಕಾರಣ ಸರಳ: ಹಾಲಿನಲ್ಲಿ ಎಲ್ಲರಿಗೂ ಒಮ್ಮೆಗೆ ಜಾಗ ಇರಲಿಲ್ಲ. ನಮ್ಮ ಮದುವೆ ಮನೆಯ ಹಾಗೆ ಎರಡು ಪಂಕ್ತಿ. ಸಂಜೆ ಆರರ ಆಸುಪಾಸಿಗೆ ಒಂದು, ಎಂಟು ದಾಟಿದ ಮೇಲೆ ಇನ್ನೊಂದು. ಒಂದು ಪಂಕ್ತಿಗೆ ಎಷ್ಟು ಜನ ಅಂತ ಅಡುಗೆಯವರಿಗೆ ಮೊದಲೇ ಗೊತ್ತು. ಎಂಟು ಜನರಿಗೆ ಒಂದೇ ಸಲ ಸೂಪು, ಒಂದೇ ಸಲ ಮುಂದಿನ ತಟ್ಟೆ. ಇಬ್ಬಿಬ್ಬರ ನಾಲ್ಕು ಟೇಬಲ್ಲಿಗಿಂತ ಎಂಟು ಜನರ ಒಂದು ಟೇಬಲ್ಲಿಗೆ ಜಾಗವೂ ಕಡಿಮೆ ಸಾಕು, ಓಡಾಟವೂ ಕಡಿಮೆ.

ಒಬ್ಬನೇ ವೇಟರ್ ವಾರಪೂರ್ತಿ ಅದೇ ಜನರಿಗೆ ಬಡಿಸುತ್ತಿದ್ದ. ಎರಡನೇ ದಿನಕ್ಕೇ ಯಾರಿಗೆ ಕಾಫಿಗೆ ಸಕ್ಕರೆ ಬೇಡ, ಯಾರಿಗೆ ಮೊಟ್ಟೆ ಆಗಲ್ಲ ಎಂದು ಅವನಿಗೆ ಗೊತ್ತಾಗುತ್ತಿತ್ತು. ಕೊನೆಯ ರಾತ್ರಿ ಟಿಪ್ಸ್ ಅನ್ನು ಕವರಿನಲ್ಲಿಟ್ಟು ಅವನ ಕೈಗೇ ಕೊಡುವುದು ರೂಢಿ. ಮಂಗಳೂರು, ಉಡುಪಿ ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿರುವ ಮನೆಗಳಿಗೆ ಈ ಟಿಪ್ಸಿನ ಬೆಲೆ ಚೆನ್ನಾಗಿ ಗೊತ್ತು.

ಇದನ್ನು ಮುರಿದಿದ್ದು 2000ದಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ತಂದ 'ಫ್ರೀಸ್ಟೈಲ್' ಪದ್ಧತಿ. ಹೊತ್ತು ನಿಮ್ಮದು, ಜಾಗ ನಿಮ್ಮದು, ಜೊತೆ ನಿಮ್ಮದು. ಆಮೇಲೆ ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ರಾಯಲ್ ಕೆರಿಬಿಯನ್, ಕಾರ್ನಿವಲ್ ಕಂಪನಿಗಳೆಲ್ಲವೂ ಒಂದೊಂದು ಹೆಸರಿಟ್ಟು ಇದೇ ದಾರಿ ಹಿಡಿದವು. ಜನರಿಗೂ ಇದು ಬೇಕಿತ್ತು, ಸುಳ್ಳಲ್ಲ. ರಜೆಯಲ್ಲೂ ಗಂಟೆ ನೋಡಿ ಊಟಕ್ಕೆ ಓಡಬೇಕಾ? ಕಂಪನಿಗಳಿಗೂ ಲಾಭ ಇತ್ತು. ಕಾಯಂ ಜಾಗ ಇಲ್ಲದವರು ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟ್‌ಗಳ ಕಡೆ ಸುಲಭವಾಗಿ ಹೋಗುತ್ತಾರೆ. ದಿನಾ ವೇಟರ್ ಬದಲಾಗುವಾಗ ಕವರು ಯಾರಿಗೆ ಕೊಡುವುದು? ಟಿಪ್ಸ್ ಕೂಡ ದಿನದ ಲೆಕ್ಕದಲ್ಲಿ ಬಿಲ್ಲಿಗೇ ಸೇರಿತು.

ಬಿಡುಗಡೆಯೂ ಅತಿಯಾಗಬಹುದು. 2014ರಲ್ಲಿ ರಾಯಲ್ ಕೆರಿಬಿಯನ್ ತನ್ನ ಹೊಸ ಕ್ವಾಂಟಮ್ ಹಡಗಿನಲ್ಲಿ ದೊಡ್ಡ ಹಾಲನ್ನೇ ತೆಗೆದು ಹಲವು ರೆಸ್ಟೋರೆಂಟ್ ಮಾಡಿತು. ರಾತ್ರಿ ರಾತ್ರಿಗೂ ಬುಕಿಂಗ್ ಮಾಡಿ ಜನ ಬೇಸತ್ತರು. ಆ ಏರ್ಪಾಡು ಹೆಚ್ಚು ದಿನ ಬಾಳಲಿಲ್ಲ, ಹಳೆಯ ಪಂಕ್ತಿ ವಾಪಸ್ ಬಂತು. ಡಿಸ್ನಿ 1998ರಿಂದಲೂ ಜಾಣ ದಾರಿ ಹಿಡಿದಿದೆ: ಕುಟುಂಬಗಳು ದಿನಕ್ಕೊಂದು ರೆಸ್ಟೋರೆಂಟಿಗೆ ಹೋಗುತ್ತವೆ, ವೇಟರೂ ಅವರ ಹಿಂದೆಯೇ ಬರುತ್ತಾನೆ.

ನನ್ನ ಮನಸ್ಸಿಗೆ ಚುಚ್ಚುವುದು ಒಂಟಿಯಾಗಿ ಹೋಗುವವರ ವಿಷಯ. ಗಂಡ ಹೋದ ಮೇಲೆ ಧೈರ್ಯ ಮಾಡಿ ಹೊರಟ ಹೆಂಗಸು, ಮಕ್ಕಳು ದೂರ ಇರುವ ಮುದುಕ. ಕ್ಯಾಬಿನ್ ದರ ಇಬ್ಬರ ಲೆಕ್ಕಕ್ಕೆ ಇರುವುದರಿಂದ ಇವರು ಎಷ್ಟೋ ಸಲ ಎರಡು ಪಟ್ಟಿನ ಹತ್ತಿರ ಕೊಡುತ್ತಾರೆ. ಹಳೆಯ ಪದ್ಧತಿ ಇವರಿಗೆ ಕೇಳದೆಯೇ ಜೊತೆ ಕೊಡುತ್ತಿತ್ತು. ಈಗ ಇವರೇ ಬಾಯಿಬಿಟ್ಟು ಕೇಳಬೇಕು. "ನನಗೆ ಜೊತೆ ಬೇಕು" ಅಂತ ಗೊತ್ತಿಲ್ಲದವರ ಮುಂದೆ ಹೇಳುವುದು ಸುಮ್ನೆ ಮಾತಲ್ಲ. 2010ರ ನಾರ್ವೀಜಿಯನ್ ಎಪಿಕ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆಂದೇ 128 ಚಿಕ್ಕ ಕ್ಯಾಬಿನ್, ಅವರೇ ಸೇರುವ ಒಂದು ಕೋಣೆ ಮಾಡಿದ್ದು ಒಳ್ಳೆಯ ಹೆಜ್ಜೆ.

ಆಮೇಲೆ ಕೊರೊನಾ ಬಂತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಹಡಗುಗಳು ಮತ್ತೆ ಹೊರಟಾಗ ಒಂದೇ ಕುಟುಂಬದವರು ಒಂದೇ ಟೇಬಲ್ ಎಂಬುದು ಸಾಮಾನ್ಯವಾಯಿತು. ನಿಯಮ ಸಡಿಲವಾದ ಮೇಲೂ ಅಭ್ಯಾಸ ಹಾಗೇ ಉಳಿಯಿತು. ಹಂಚಿಕೊಳ್ಳುವ ಟೇಬಲ್ ಬೇಕಾದವರು ಕೇಳಿ ಪಡೆಯುವ ವಸ್ತುವಾಯಿತು.

ಹಾಗಾಗಿ ಒಬ್ಬರೇ ಹೊರಡುವವರು ಟಿಕೆಟ್ ತೆಗೆಯುವಾಗಲೇ ಕಾಯಂ ಟೇಬಲ್ ಇದೆಯಾ, ದೊಡ್ಡ ಟೇಬಲ್ಲಿಗೆ ಹಾಕುತ್ತಾರಾ ಎಂದು ವಿಚಾರಿಸಿ. ಸಸ್ಯಾಹಾರ, ಜೈನ ಊಟದ ವಿಷಯವನ್ನೂ ಆಗಲೇ ಬರೆಸಿ. ಕೂತ ಟೇಬಲ್ ಹಿಡಿಸದಿದ್ದರೆ ಮೊದಲ ರಾತ್ರಿಯೇ ಊಟದ ಹಾಲಿನ ಮ್ಯಾನೇಜರ್ ಹತ್ತಿರ ಹೇಳಿ. ಜಾಗ ಇದ್ದರೆ ಬದಲಾಯಿಸಿ ಕೊಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.