ಓದುಗರ ಪ್ರಶ್ನೆ: ಮಿನಿ ಟ್ರ್ಯಾಂಪೋಲಿನ್ ಮೇಲೆ ಜಿಗಿದರೆ ಓಡಿದಷ್ಟು ಲಾಭ ಸಿಗುತ್ತಾ?

ಪ್ರಶ್ನೆ: ನನಗೆ 47 ವರ್ಷ. ಓಡೋಕೆ ಹೋದರೆ ಮಂಡಿ ನೋಯುತ್ತೆ. ಮಿನಿ ಟ್ರ್ಯಾಂಪೋಲಿನ್ ಮೇಲೆ ಹತ್ತು ನಿಮಿಷ ಜಿಗಿದರೆ ಅರ್ಧ ಗಂಟೆ ಓಡಿದ ಹಾಗೆ ಅಂತಾರೆ. ಓಟಕ್ಕಿಂತ 68% ಒಳ್ಳೆಯದು ಅಂತ ನಾಸಾದವರೇ ಹೇಳಿದ್ದಾರಂತೆ. ಇದು ನಿಜವಾ? ನಾನು ಶುರು ಮಾಡಬಹುದಾ?

ಉತ್ತರ: ಖಂಡಿತ ಶುರು ಮಾಡಬಹುದು. ಮಿನಿ ಟ್ರ್ಯಾಂಪೋಲಿನ್ ಅಂದರೆ ಸುತ್ತಲೂ ಸ್ಪ್ರಿಂಗ್ ಕಟ್ಟಿ ಬಿಗಿದ, ಒಬ್ಬರು ನಿಂತು ಪುಟಿಯುವಷ್ಟು ಚಿಕ್ಕ ಮ್ಯಾಟ್. ನಿಮ್ಮಂಥ ಮಂಡಿ ಇರುವವರಿಗೆ ಓಟಕ್ಕಿಂತ ಇದು ಒಗ್ಗುವ ಸಾಧ್ಯತೆ ಜಾಸ್ತಿ. ಆದರೆ ಹತ್ತು ನಿಮಿಷ ಅರ್ಧ ಗಂಟೆಗೆ ಸಮ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಆ ಲೆಕ್ಕ ನಂಬಿ ಶುರು ಮಾಡಿದವರು ತಿಂಗಳಾದರೂ ತೂಕ ಇಳಿಯಲಿಲ್ಲ ಎಂದು ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಒಂದು ಒಳ್ಳೆಯ ಅಭ್ಯಾಸ ಹೀಗೆ ಸುಳ್ಳು ಲೆಕ್ಕದಿಂದ ಹಾಳಾಗುವುದು ನನಗೆ ನಿಜಕ್ಕೂ ನೋವಿನ ವಿಷಯ.

ಆ 68% ಎಲ್ಲಿಂದ ಬಂತು ನೋಡೋಣ. 1980ರಲ್ಲಿ ಒಂದು ಶರೀರವಿಜ್ಞಾನ ಪತ್ರಿಕೆಯಲ್ಲಿ ನಾಸಾಗೆ ಸಂಬಂಧಿಸಿದ ಅಧ್ಯಯನವೊಂದು ಪ್ರಕಟವಾಯಿತು. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದೆ ದಿನ ಕಳೆದವರ ಮೂಳೆ, ಸ್ನಾಯು ಸೊರಗುತ್ತವೆ. ಅಂಥವರಿಗೆ ಯಾವ ವ್ಯಾಯಾಮ ಸರಿಹೊಂದುತ್ತದೆ ಎಂಬುದು ಅಲ್ಲಿದ್ದ ಕಾಳಜಿ. 8 ಯುವಕರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಟ್ರ್ಯಾಂಪೋಲಿನ್ ಮೇಲೆ ಜಿಗಿಸಿದರು. ಪಾದದ ಗಂಟು, ಬೆನ್ನು, ಹಣೆ, ಈ ಮೂರು ಕಡೆ ಎಷ್ಟು ಕುಲುಕಾಟ ಆಗುತ್ತದೆ, ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಅಳೆದರು.

ಅಷ್ಟೇ ಆಮ್ಲಜನಕ ಖರ್ಚಿನಲ್ಲಿ ಟ್ರ್ಯಾಂಪೋಲಿನ್ ಮೇಲೆ ದೇಹ ಮಾಡಿದ ಕೆಲಸ ಓಟಕ್ಕಿಂತ 68%ರವರೆಗೂ ಹೆಚ್ಚಿತ್ತು. ಇದನ್ನೇ ಹಿಡಿದುಕೊಂಡು 68% ಹೆಚ್ಚು ಲಾಭ ಎಂದು ಹಬ್ಬಿಸಿದರು. ಸ್ವಲ್ಪ ಯೋಚಿಸಿ. ನೀವು ಕೆಳಗೆ ಒತ್ತಿದಾಗ ಸ್ಪ್ರಿಂಗ್ ಹಿಗ್ಗುತ್ತದೆ, ಆಮೇಲೆ ಅದೇ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಅಂದರೆ ನಿಮ್ಮ ಶ್ರಮದಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. ಅದೇ ಖರ್ಚಿಗೆ ದೇಹ ಹೆಚ್ಚು ಮೇಲೆ ಕೆಳಗೆ ಹೋಗುವುದು ಸಹಜ ಅಲ್ವಾ? ಹೆಚ್ಚು ಕ್ಯಾಲರಿ ಕರಗುತ್ತದೆ ಎಂದು ಇದರ ಅರ್ಥವಲ್ಲ. ಆಮ್ಲಜನಕದ ಖರ್ಚು ಸಮ ಎಂದರೆ ದೇಹ ಸುಡುವ ಇಂಧನವೂ ಹೆಚ್ಚುಕಡಿಮೆ ಸಮವೇ.

ನಿಮಗೆ ಬೇಕಾದ ಮಾತು ಅದೇ ಅಧ್ಯಯನದಲ್ಲಿ ಇನ್ನೊಂದು ಕಡೆ ಇದೆ. ಓಡುವಾಗ ಪಾದದ ಗಂಟಿನಲ್ಲಿ ಅಳೆದ ಪೆಟ್ಟು ಬೆನ್ನು, ಹಣೆಯಲ್ಲಿ ಅಳೆದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಟ್ರ್ಯಾಂಪೋಲಿನ್ ಮೇಲೆ ಮೂರೂ ಕಡೆ ಅದು ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿತ್ತು. ಗಟ್ಟಿ ನೆಲ ಪಾದವನ್ನು ತಟ್ಟನೆ ನಿಲ್ಲಿಸುತ್ತದೆ, ಮ್ಯಾಟ್ ಬಗ್ಗುತ್ತಾ ಬಗ್ಗುತ್ತಾ ನಿಧಾನವಾಗಿ ನಿಲ್ಲಿಸುತ್ತದೆ. ನಿಲ್ಲಲು ಸಮಯ ಸಿಕ್ಕಷ್ಟೂ ಪೆಟ್ಟು ಸಣ್ಣದು. ಓಡಿದರೆ ಮಂಡಿ ನೋಯುತ್ತದೆ ಎನ್ನುವವರಿಗೆ ಆ 68%ಗಿಂತ ಈ ಫಲಿತಾಂಶವೇ ಮುಖ್ಯ ಅನ್ನುತ್ತೇನೆ.

ಹಾಗಂತ ಇದು ಸುಮ್ನೆ ಕುಣಿದಾಟ ಅಲ್ಲ. 2016ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಲಾ ಕ್ರಾಸ್ ವಿಶ್ವವಿದ್ಯಾಲಯದಲ್ಲಿ 24 ವಿದ್ಯಾರ್ಥಿಗಳಿಗೆ 19 ನಿಮಿಷದ ಮಿನಿ ಟ್ರ್ಯಾಂಪೋಲಿನ್ ವ್ಯಾಯಾಮ ಮಾಡಿಸಿ ಅಳೆದರು. ಹುಡುಗಿಯರು ನಿಮಿಷಕ್ಕೆ ಸರಾಸರಿ 9, ಹುಡುಗರು 12 ಕ್ಯಾಲರಿಯಷ್ಟು ಖರ್ಚು ಮಾಡಿದ್ದರು. ಮಧ್ಯಮದಿಂದ ಜೋರಿನ ವ್ಯಾಯಾಮ ಎನ್ನುವ ಮಟ್ಟ ಅದು. ಆದರೆ ಎಷ್ಟು ಕಷ್ಟ ಆಯಿತು ಎಂದು ಕೇಳಿದರೆ, ಅಷ್ಟೇನೂ ಆಗಲಿಲ್ಲ ಎನ್ನುವ ಹಾಗೆ ಅಂಕ ಕೊಟ್ಟಿದ್ದರು. ಎದೆಬಡಿತ ಏರಿದಷ್ಟು ಆಯಾಸ ಮನಸ್ಸಿಗೆ ಹತ್ತಲಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಲಾಭ. ವ್ಯಾಯಾಮ ಕೈಕೊಡುವುದೇ ನಾವು ನಾಲ್ಕನೇ ವಾರಕ್ಕೆ ಬಿಟ್ಟುಬಿಡುವುದರಿಂದ. ಹಿತವಾಗಿದ್ದರೆ ನಾಳೆಯೂ ಹತ್ತುತ್ತೇವೆ. ದೊಡ್ಡವರಿಗೆ ವಾರಕ್ಕೆ 150 ನಿಮಿಷ ಮಧ್ಯಮ ವೇಗದ ಚಟುವಟಿಕೆಯಾದರೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಅದರಲ್ಲಿ ಎಷ್ಟನ್ನು ಬೇಕಾದರೂ ಟ್ರ್ಯಾಂಪೋಲಿನ್ ಮೇಲೆ ಮುಗಿಸಬಹುದು. ಜಿಗಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಈಗ ನನಗೆ ತುಂಬ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಅದು ಬ್ಯಾಲೆನ್ಸ್.

ಬರಿಗಾಲಲ್ಲಿ ಮ್ಯಾಟ್ ಮೇಲೆ ಹತ್ತಿ, ಹಿಡಿಕೆ ಹಿಡಿದುಕೊಂಡು, ಒಂದು ಕಾಲನ್ನು ಮೆಲ್ಲಗೆ ಎತ್ತಿ ನೋಡಿ. ಜಿಗಿಯುವುದು ಬೇಡ. ನಿಂತ ಕಾಲಿನ ಪಾದ ಆ ಕಡೆ ಈ ಕಡೆ ಸಣ್ಣಗೆ ನಡುಗುತ್ತದೆ. ಬೆರಳುಗಳು ಮ್ಯಾಟನ್ನು ಕಚ್ಚಿ ಹಿಡಿಯುತ್ತವೆ. ಮೀನಖಂಡ ಬಿಗಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯುತ್ತದೆ. ಸೊಂಟ ತಾನಾಗಿಯೇ ಸರಿದು ಜಾಗ ಹುಡುಕುತ್ತದೆ. ನೀವು ಏನೂ ಮಾಡುತ್ತಿಲ್ಲ ಅನಿಸುತ್ತದೆ, ಆದರೆ ಕಿವಿಯೊಳಗಿನ ಸಮತೋಲದ ಅಂಗ, ಕಣ್ಣು, ಸ್ನಾಯು, ಕೀಲು ಎಲ್ಲವೂ ಕ್ಷಣಕ್ಷಣಕ್ಕೂ ಮಿದುಳಿಗೆ ಸುದ್ದಿ ಕಳಿಸುತ್ತಿರುತ್ತವೆ. ಸಮತಟ್ಟಾದ ನೆಲದ ಮೇಲೆ ಇಷ್ಟು ಕೆಲಸ ಇವಕ್ಕೆ ಸಿಗುವುದೇ ಇಲ್ಲ.

ವಯಸ್ಸಾದಂತೆ ಎಡವುವುದು ಯಾರಿಗೂ ತಪ್ಪಿದ್ದಲ್ಲ. ಎಡವಿದಾಗ ಇನ್ನೊಂದು ಕಾಲು ಸರಿಯಾದ ಹೊತ್ತಿಗೆ ಮುಂದೆ ಬರುತ್ತದಾ ಎಂಬುದರ ಮೇಲೆ ಎಲ್ಲ ನಿಂತಿದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಿರಿಯರಿಗೆ 14 ವಾರ ಮಿನಿ ಟ್ರ್ಯಾಂಪೋಲಿನ್ ತರಬೇತಿ ಕೊಟ್ಟರು. ಮುಂದಕ್ಕೆ ಮುಗ್ಗರಿಸುವಾಗ ಸಾವರಿಸಿಕೊಳ್ಳುವ ಶಕ್ತಿ ಅವರಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. ನಿಮಗೆ ಈಗ 47. ಈ ಬಂಡವಾಳ ಕೂಡಿಹಾಕಲು ಒಳ್ಳೆಯ ವಯಸ್ಸು.

ಮೂಳೆಯ ವಿಷಯದಲ್ಲಿ ನಾನು ಅಷ್ಟು ಜೋರಾಗಿ ಹೇಳುವುದಿಲ್ಲ. ಮೂಳೆ ಗಟ್ಟಿಯಾಗುವುದು ಭಾರ ಮತ್ತು ಪೆಟ್ಟಿನಿಂದ. ಮ್ಯಾಟ್ ಆ ಪೆಟ್ಟನ್ನೇ ಹೀರಿಕೊಳ್ಳುತ್ತದೆ. ಹಾಗಾಗಿ ಮೂಳೆಗಾಗಿ ಭಾರ ಎತ್ತುವ ವ್ಯಾಯಾಮವನ್ನೂ ಜೊತೆಗೆ ಇಟ್ಟುಕೊಳ್ಳಿ.

ಇನ್ನು ಲಿಂಫ್, ಅಂದರೆ ದೇಹದ ಅಂಗಾಂಶಗಳಿಂದ ಬಂದು ತನ್ನದೇ ನಾಳಗಳಲ್ಲಿ ಹರಿಯುವ ತಿಳಿ ದ್ರವ, ಹರಿದು ದೇಹದ ವಿಷವೆಲ್ಲ ಹೊರಗೆ ಹೋಗುತ್ತದೆ ಎನ್ನುವ ಪ್ರಚಾರ. ಲಿಂಫ್ ದ್ರವಕ್ಕೆ ಹೃದಯದಂಥ ಪಂಪ್ ಇಲ್ಲ, ನಿಜ. ಅದರ ನಾಳಗಳು ತಾವೇ ಹಿಂಡಿಕೊಳ್ಳುತ್ತವೆ. ಸ್ನಾಯು ಆಡಿದಾಗ, ಉಸಿರು ಎಳೆದಾಗ ಇನ್ನಷ್ಟು ಚೆನ್ನಾಗಿ ಹರಿಯುತ್ತದೆ. ಆದರೆ ನಡೆದರೂ ಈಜಿದರೂ ಅದೇ ಆಗುತ್ತದೆ. ಬೇಡದ್ದನ್ನು ಹೊರಹಾಕುವ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ.

ಹೆಂಗಸರು ಕೇಳಲು ಹಿಂಜರಿಯುವ ಒಂದು ಮಾತನ್ನು ನಾನೇ ಎತ್ತುತ್ತೇನೆ. ಜಿಗಿಯುವಾಗ ಮೂತ್ರ ಸೋರುವುದು. ಪ್ರತಿ ಸಲ ಕೆಳಗೆ ಬಂದಾಗಲೂ ಹೊಟ್ಟೆಯ ಒತ್ತಡ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ. ಹೆರಿಗೆಯ ನಂತರ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದು ಕಾಣಿಸಿಕೊಳ್ಳುವುದು ಸಾಮಾನ್ಯ. ಗಟ್ಟಿಮುಟ್ಟಾದ ಹುಡುಗಿಯರಿಗೂ ಆಗುತ್ತದೆ. ದೊಡ್ಡ ಟ್ರ್ಯಾಂಪೋಲಿನ್ ಮೇಲೆ ಎತ್ತರಕ್ಕೆ ಜಿಗಿಯುವ ಸ್ವೀಡನ್ನಿನ 35 ಕ್ರೀಡಾಪಟುಗಳನ್ನು ಕೇಳಿದಾಗ 28 ಮಂದಿ ತಮಗೆ ಸೋರುತ್ತದೆ ಎಂದಿದ್ದರು. ದಯವಿಟ್ಟು ನಾಚಿಕೊಂಡು ಸಹಿಸಿಕೊಳ್ಳಬೇಡಿ. ಜಿಗಿತ ನಿಲ್ಲಿಸಿ, ಮ್ಯಾಟ್ ಮೇಲೆ ಬರೀ ಹೆಜ್ಜೆ ಹಾಕಿ. ಈ ಸ್ನಾಯುಗಳಿಗೇ ವ್ಯಾಯಾಮಗಳಿವೆ, ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಅದಕ್ಕೆ ಪರಿಹಾರ ಇದೆ.

ಶುರು ಹೇಗೆ? ಮೊದಲ ವಾರ ದಿನಕ್ಕೆ ಮೂರು ನಾಲ್ಕು ನಿಮಿಷ ಸಾಕು. ಪಾದ ಮ್ಯಾಟ್ ಬಿಟ್ಟು ಏಳಲೇಬೇಕು ಅಂತೇನಿಲ್ಲ. ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಟ್ಟು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಹಿಮ್ಮಡಿಯಿಂದ ಕೆಳಕ್ಕೆ ಒತ್ತಿ. ಮೇಲಕ್ಕೆ ಎಗರುವ ಯೋಚನೆಯೇ ಬೇಡ. ಒತ್ತಿದರೆ ಮ್ಯಾಟೇ ಎತ್ತುತ್ತದೆ. ಕಣ್ಣು ಪಾದದ ಕಡೆ ಹೋಗದೆ ನೇರ ಮುಂದೆ ಇರಲಿ. ಇದು ಸಲೀಸಾದ ಮೇಲೆ ಹೆಜ್ಜೆ, ಆಮೇಲೆ ನಿಂತಲ್ಲೇ ಓಟ, ಕೊನೆಗೆ ಜಿಗಿತ. ವಾರಕ್ಕೆ ಎರಡು ಮೂರು ನಿಮಿಷದಂತೆ ಸಮಯ ಏರಿಸಿ. ಸಾಕ್ಸ್ ಹಾಕಿಕೊಂಡು ಹತ್ತಬೇಡಿ, ಜಾರುತ್ತದೆ. ಒಂದು ಸಲಕ್ಕೆ ಒಬ್ಬರೇ. ಜೊತೆಗೆ ಮಕ್ಕಳನ್ನು ಹತ್ತಿಸಿಕೊಳ್ಳಲೇಬೇಡಿ. ಟ್ರ್ಯಾಂಪೋಲಿನ್ ಅನಾಹುತಗಳಲ್ಲಿ ಹೆಚ್ಚಿನವು ಇಬ್ಬರು ಮೂವರು ಒಟ್ಟಿಗೆ ಜಿಗಿದಾಗಲೇ ಆಗಿರುವುದು. ಕೊಳ್ಳುವಾಗ ಅದು ಎಷ್ಟು ಕಿಲೋ ತೂಕ ತಡೆಯುತ್ತದೆ ಎಂದು ಓದಿ ನೋಡಿ, ಹಿಡಿಕೆ ಇರುವುದನ್ನೇ ತಗೊಳ್ಳಿ. ತಲೆಯ ಮೇಲೆ ಫ್ಯಾನ್ ಇಲ್ಲದ ಜಾಗದಲ್ಲಿ ಇಡಿ.

ಇಳಿಯುವಾಗ ಒಂದು ಮಾತು ನೆನಪಿಡಿ. ಹತ್ತು ನಿಮಿಷ ಪುಟಿದು ನೆಲಕ್ಕೆ ಕಾಲಿಟ್ಟರೆ ನೆಲ ಕಲ್ಲಿನ ಹಾಗೆ ಅನಿಸುತ್ತದೆ, ಕಾಲು ಭಾರ ಆಗುತ್ತದೆ. ಮಿದುಳು ಇನ್ನೂ ಮ್ಯಾಟಿನ ಲೆಕ್ಕದಲ್ಲೇ ಇರುತ್ತದೆ. ಪುಟಿತ ಪೂರ್ತಿ ನಿಂತ ಮೇಲೆ ಹಿಡಿಕೆ ಹಿಡಿದು ಒಂದೊಂದೇ ಕಾಲಿಟ್ಟು ಇಳಿಯಿರಿ. ನೆಲಕ್ಕೆ ಹಾರಬೇಡಿ.

ತಲೆಸುತ್ತು ಬರುವವರು, ಮೂಳೆ ತೀರಾ ಸವೆದವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು, ಹೃದಯ ಅಥವಾ ಕಣ್ಣಿನ ರೆಟಿನಾದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹತ್ತಬೇಡಿ.

ನಿಮ್ಮ ಮಂಡಿಯ ವಿಷಯದಲ್ಲೂ ಮೊದಲು ನೋವು ಯಾಕೆ ಅಂತ ತಿಳಿದುಕೊಳ್ಳಿ. ಮಂಡಿ ಊದಿಕೊಳ್ಳುತ್ತಿದ್ದರೆ, ನಡೆಯುವಾಗ ಸಿಕ್ಕಿಕೊಂಡ ಹಾಗೆ ಆಗುತ್ತಿದ್ದರೆ, ತಟ್ಟನೆ ಕೈಕೊಡುತ್ತಿದ್ದರೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟಿಗೋ ಒಳಗಿನ ಗಾದಿಗೋ ಪೆಟ್ಟಾಗಿರಬಹುದು. ಬಗ್ಗುವ ಮ್ಯಾಟ್ ಮೇಲೆ ಅಂಥ ಮಂಡಿ ತಿರುಚಿಕೊಳ್ಳುವ ಭಯ ಜಾಸ್ತಿ. ಅದ್ಯಾವುದೂ ಇಲ್ಲ, ಓಡಿದಾಗ ಮಾತ್ರ ನೋವು ಅನ್ನುವುದಾದರೆ ಎರಡು ವಾರ ಪಾದ ಎತ್ತದೆ ಪುಟಿಯುವುದನ್ನಷ್ಟೇ ಮಾಡಿ. ಪ್ರತಿ ದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮಂಡಿ ಹೇಗಿದೆ ಗಮನಿಸಿ. ಹಿಂದಿನ ದಿನದಷ್ಟೇ ಇದ್ದರೆ ವಾರಕ್ಕೆ ಎರಡು ಮೂರು ನಿಮಿಷದ ಲೆಕ್ಕದಲ್ಲೇ ಏರಿಸಿ. ನೋವು ಜಾಸ್ತಿ ಅನಿಸಿದರೆ ಒಂದು ದಿನ ಬಿಟ್ಟು, ಅರ್ಧ ಹೊತ್ತಿಗೆ ಇಳಿಸಿ ಮತ್ತೆ ಶುರು ಮಾಡಿ.