ನೆತ್ಸುಕೆಯ ತಳದಲ್ಲಿ ಎರಡು ತೂತು ಏಕೆ?

ಪ್ರಶ್ನೆ: ನೆತ್ಸುಕೆ ಎಂಬ ಹಳೆಯ ಜಪಾನಿ ಪುಟ್ಟ ಕೆತ್ತನೆಗಳ ತಳದಲ್ಲೋ ಬೆನ್ನಲ್ಲೋ ಎರಡು ತೂತು ಕಾಣುತ್ತವೆ, ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಯಾರೋ ಆಮೇಲೆ ಕೊರೆದು ಕೆಡಿಸಿದ್ದೇ?

ಖಂಡಿತ ಅಲ್ಲ. ದಾರ ಹಾಯಲು ದಾರಿಯೇ ಇಲ್ಲದಿದ್ದರೆ ಅದು ನೆತ್ಸುಕೆಯೇ ಅಲ್ಲ. (ಜಪಾನೀಯರ ಬಾಯಲ್ಲಿ ನಡುವಿನ ಉಕಾರ ಹೆಚ್ಚುಕಮ್ಮಿ ನುಂಗಿಹೋಗಿ ‘ನೆತ್ಸ್‌ಕೆ’ ಎಂದೇ ಕೇಳಿಸುತ್ತದೆ.)

ಕಿಮೊನೊಗೆ ಜೇಬಿಲ್ಲ. ನಮ್ಮ ಹಿರಿಯರು ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ, ಎಡೊ ಕಾಲದ (1603–1868) ಗಂಡಸರು ತಂಬಾಕಿನ ಚೀಲವನ್ನೋ ‘ಇನ್ರೊ’ ಎಂಬ ಔಷಧಿ ಡಬ್ಬಿಯನ್ನೋ ದಾರಕ್ಕೆ ಕಟ್ಟಿ ಸೊಂಟಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರಿ ಬೀಳದಂತೆ ಪಟ್ಟಿಯ ಮೇಲಂಚಿನಲ್ಲಿ ತಡೆದು ನಿಲ್ಲಿಸುವ ಗುಂಡಿಯೇ ನೆತ್ಸುಕೆ. ತೂತುಗಳಿಗೆ ‘ಹಿಮೊತೊಶಿ’ ಎನ್ನುತ್ತಾರೆ, ಅಂದರೆ ದಾರ ಹಾಯುವ ದಾರಿ. ಒಳಗೆ ಎರಡೂ ಸೇರಿಕೊಂಡಿರುತ್ತವೆ. ದಾರದ ಗಂಟು ಹೊರಗೆ ಕಾಣದೆ ಒಳಗೆ ಅಡಗಿ ಕೂರಲೆಂದು ಒಂದನ್ನು ಬೇಕೆಂದೇ ದೊಡ್ಡದು ಮಾಡುತ್ತಾರೆ.

ಕೆತ್ತುವವನಿಗೆ ನಿಜವಾದ ಕಷ್ಟ ಇಲ್ಲೇ. ತೂಗುಹಾಕಿದಾಗ ಮುಖ ಹೊರಗೆ ತಿರುಗಿರಬೇಕು, ರೇಷ್ಮೆಗೆ ಸಿಕ್ಕುವ ಒಂದು ಚೂಪು ತುದಿಯೂ ಇರಬಾರದು. ಕ್ಯೋಟೋದ ತೊಮೊತಾದ ಕೆತ್ತಿದ ಎತ್ತನ್ನು ನೋಡಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದು. ಕಾಲು ನಾಲ್ಕನ್ನೂ ಹೊಟ್ಟೆಯಡಿ ಮಡಚಿ ಮಲಗಿದೆ, ಕೊಂಬು ಮೈಗೆ ಒತ್ತಿಕೊಂಡಿದೆ, ಮೂಗುದಾರದ ಹಗ್ಗ ಬೆನ್ನ ಮೇಲೆ ಹಾದಿದೆ. ಮಲಗಿದ ಎತ್ತಿನ ಆ ನೆಮ್ಮದಿ ಹುಟ್ಟಿದ್ದು ಸೊಂಟಕ್ಕೆ ಒಗ್ಗಬೇಕೆಂಬ ಕಟ್ಟುಪಾಡಿನಿಂದ. ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದು. ಕೆಲವರು ತೂತೇ ಕೊರೆಯದೆ, ಬಾಗಿದ ತೋಳು, ಸುತ್ತಿದ ಬಾಲದ ಸಂದಿಯಲ್ಲೇ ದಾರಕ್ಕೆ ದಾರಿ ಬಿಟ್ಟರು. ಹಾಗಾಗಿ ಕೊರೆದ ತೂತು ಕಾಣದಿದ್ದರೆ ಸಂದಿಗಳನ್ನು ಹುಡುಕಿ. ದಾರ ಹಾಯಲು ಎಲ್ಲೂ ಎಡೆಯಿಲ್ಲದಿದ್ದರೆ ಅದು ಬಹುಶಃ ‘ಒಕಿಮೊನೊ’, ಮೇಜಿನ ಮೇಲಿಡುವ ಅಲಂಕಾರದ ಗೊಂಬೆ.

ಹಳೆಯದೋ ಅಲ್ಲವೋ ಎಂಬುದಕ್ಕೂ ಮೊದಲು ತೂತನ್ನೇ ನೋಡಬೇಕು. ವರ್ಷಗಟ್ಟಲೆ ದಾರ ಉಜ್ಜಿದ ಅಂಚು ಬಾವಿಕಟ್ಟೆಯ ಕಲ್ಲಿನಂತೆ ನುಣ್ಣಗೆ ಸವೆದಿರುತ್ತದೆ. ಆದರೆ ಅಂಚು ಸವೆದಿಲ್ಲವೆಂದು ನಕಲಿ ಎಂದುಬಿಡಬೇಡಿ. 1868ರ ನಂತರ ಜೇಬಿನ ಉಡುಪು, ಸಿಗರೇಟು ಬಂದು ಸೊಂಟದ ಚೀಲ ಮಾಯವಾಗುತ್ತ ಹೋಯಿತು. ಪಶ್ಚಿಮದ ಕೊಳ್ಳುವವರಿಗಾಗಿ ಕೆತ್ತಿದವು ಎಂದೂ ದಾರ ಕಂಡಿಲ್ಲ. ಕೆತ್ತಿದವನ ಸಹಿಯನ್ನಂತೂ ಕಣ್ಣು ಮುಚ್ಚಿ ನಂಬಬೇಡಿ. ತೊಮೊತಾದನ ಎತ್ತಿಗೆ ನಕಲುಗಳು ಬಹಳ ಎಂದು 1781ರ ‘ಸೋಕೆನ್ ಕಿಶೊ’ ಗ್ರಂಥವೇ ಎಚ್ಚರಿಸಿತ್ತು.

ನಮ್ಮಲ್ಲಿ ಕೊಳ್ಳುವವರಿಗೆ ಇನ್ನೊಂದು ಮಾತು. ಆನೆದಂತದ ನೆತ್ಸುಕೆಯ ತಂಟೆಗೆ ಹೋಗಬೇಡಿ; ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಮರದ್ದಾದರೆ, ಮಾರುವವರು ಮುಂಭಾಗದ ಚಿತ್ರ ಎಷ್ಟೇ ಕಳಿಸಲಿ, ತಳದ ಚಿತ್ರ ಬರುವವರೆಗೆ ಬೆಲೆಯ ಮಾತೆತ್ತಬೇಡಿ.